ರಂಗನಾಯಕಮ್ಮ ಹೊಸಿಲಾಚೆ ನಿಂತದ್ದು

ನಮ್ಮೂರಲ್ಲಿ ಮಂಗಳವಾರ ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ಯಾಕೆ ಅಂತ ಕೇಳಬೇಡಿ. ನಮ್ಮಜ್ಜಿಯ ಕಾಲದಲ್ಲೂ ಇರುತ್ತಿರಲಿಲ್ಲವಂತೆ. ಆಗ ಊರಿಗೆ ಕರೆಂಟೇ ಬಂದಿರಲಿಲ್ಲ ಅನ್ನುವುದು ಬೇರೆ ಮಾತು. ಅವತ್ತು ಗಿರಣಿ ನಿಲ್ಲುತ್ತದೆ, ವೆಲ್ಡಿಂಗ್ ಶೆಡ್ಡು ನಿಲ್ಲುತ್ತದೆ, ಜನ ಊಟ ಮುಗಿಸಿ ಕೈ ಒರೆಸಿಕೊಂಡು ತಮ್ಮ ತಮ್ಮ ಮೇಜಿಗೆ ಹೋಗುತ್ತಾರೆ. ಪ್ರತಿ ಮೇಜಿಗೂ ಒಬ್ಬರು ಸೂತ್ರಧಾರಿ. ಅವರು ಕಥೆ ಕಟ್ಟುತ್ತಾರೆ, ಕಾಡು, ಕೋಟೆ, ರಾಕ್ಷಸ, ಹೀಗೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ನಡೆಯುತ್ತಾರೆ. ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು, ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಇಂಥ ಆಟ ಬೇರೆ ಊರುಗಳಲ್ಲೂ ಇದೆಯಂತೆ. ಆದರೆ ನಮ್ಮೂರಲ್ಲಿ ಮೇಜಿನ ಮುಂದೆ ಹೊತ್ತ ಪಾತ್ರ ಮೇಜು ಬಿಟ್ಟೆದ್ದ ಮೇಲೂ ಮೈಗೆ ಅಂಟಿಕೊಂಡೇ ಇರುತ್ತದೆ.

ಕ್ಷೌರದಂಗಡಿಯ ನಂಜುಂಡಿ ದೈತ್ಯನಾದ ವರ್ಷ ಅವನ ಅಂಗಡಿಯ ಬಾಗಿಲನ್ನು ಎತ್ತರಿಸಬೇಕಾಯಿತು. ಪೋಸ್ಟ್‌ಮನ್ ತೋಳನಾದಾಗ ಬೀದಿನಾಯಿಗಳೆಲ್ಲ ಬಾಲ ಮುದುರಿಕೊಂಡು ಅವನ ಸೈಕಲ್ ಹಿಂದೆ ಶಿಸ್ತಾಗಿ ನಡೆದವು. ನನ್ನದು ಕಳ್ಳಿಯ ಪಾತ್ರ. ಬಳೆ ಅಂಗಡಿ ಇಟ್ಟುಕೊಂಡಿರುವ ಮರ್ಯಾದಸ್ಥ ಹೆಂಗಸು ನಾನು, ಆದರೇನು, ಯಾರ ಮನೆಗೆ ಹೋದರೂ ಒಂದು ಚಮಚವೋ ಸೂಜಿಡಬ್ಬಿಯೋ ನನಗೇ ಗೊತ್ತಿಲ್ಲದೆ ನನ್ನ ಚೀಲಕ್ಕೆ ಬಂದು ಕೂತಿರುತ್ತದೆ. ಮಾರನೆಯ ದಿನ ಹೋಗಿ ವಾಪಸ್ ಕೊಟ್ಟು, ಇನ್ನೊಂದು ಲೋಟ ಕಾಫಿ ಕುಡಿದು ಬರುತ್ತೇನೆ. "ಸೌಟು ಕಾಣ್ತಿಲ್ಲ, ಪದ್ದಕ್ಕ ಬಂದಿದ್ರಾ?" ಅಂತ ಕೇಳಿಕೊಂಡು ಜನ ಸುಮ್ಮನಾಗುತ್ತಾರೆ.

ಕಥೆ ಮುಗಿಯುವವರೆಗೂ ಪಾತ್ರ ಬದಲಾಯಿಸುವಂತಿಲ್ಲ. ಕಥೆಯೊಳಗೆ ಪಾತ್ರ ಸತ್ತರೆ ಅದನ್ನು ಆಡಿದವರು ವರ್ಷವಿಡೀ ಯಾವ ಮೇಜಿಗೂ ಕೂರುವಂತಿಲ್ಲ. ಇನ್ನೊಂದು ವಿಷಯವಿದೆ, ಈ ಕಥೆಗೆ ಅದೇ ಮುಖ್ಯ: ಕೆಲಸ ಸಿಗದ ಪಾತ್ರ ಸವೆದು ಹೋಗುತ್ತದೆ. ಮಂಗಳವಾರ ಮಂಗಳವಾರವೂ ಸುಮ್ಮನೆ ಕೂತು ಎದ್ದು ಬಂದರೆ, ಮೈಗೆ ಅಂಟಿದ್ದು ಮೆಲ್ಲಗೆ ಬಿಟ್ಟುಹೋಗುತ್ತದೆ.

ನಮ್ಮ ಮೇಜು ಪಂಕಜಾಕ್ಷಿಯ ಹಿಟ್ಟಿನ ಗಿರಣಿಯಲ್ಲಿ. ಪಂಕಜಾಕ್ಷಿಯೇ ಸೂತ್ರಧಾರಿ. ಹುಬ್ಬಿಂದ ಹಿಮ್ಮಡಿವರೆಗೆ ಯಾವಾಗಲೂ ಹಿಟ್ಟು, ಬಾಯಿ ತೆರೆದರೆ ಗದರಿಕೆ. ಗಿರಣಿ ಸದ್ದಿನಲ್ಲಿ ಕೂಗಿ ಕೂಗಿ, ಪಕ್ಕದಲ್ಲೇ ಕೂತವರ ಜೊತೆಗೂ ಕೂಗಿಯೇ ಮಾತಾಡುತ್ತಾಳೆ. ಆದರೆ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರು ನಿನ್ನೆ ಊಟ ಬಿಟ್ಟರು ಅನ್ನುವುದೆಲ್ಲ ಅವಳಿಗೆ ಗೊತ್ತು. ಆಡುವವರು ನಾವು ಮೂರು ಜನ. ನಾನು, ಗೂಡ್ಸ್ ಆಟೋ ಓಡಿಸುವ ಚನ್ನಿಗಪ್ಪ, ಮತ್ತೆ ಟೈಪಿಂಗ್ ಕ್ಲಾಸಿನ ರಂಗನಾಯಕಮ್ಮ.

ರಂಗನಾಯಕಮ್ಮನನ್ನು ನೀವು ನೋಡಬೇಕಿತ್ತು. ಒಂದು ಹಿಡಿ ಮನುಷ್ಯೆ. ತಮ್ಮ ಕ್ಲಾಸಿಗೆ ಬರುವ ಹುಡುಗಿಯರಿಗೂ ಬಹುವಚನ. ಒಬ್ಬರೇ ಇರುವವರು, ಹಿಂದೆ ಮುಂದೆ ಯಾರೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಅವರ ಮನೆಯ ಹೊಸಿಲು ದಾಟಿದ್ದಿಲ್ಲ. ಈ ಕಥೆ ಶುರುವಾದ ದಿನ ಪಾತ್ರಗಳ ಚೀಟಿ ಎತ್ತಿದಾಗ ಅವರಿಗೆ ಬಂದದ್ದೇನು ಗೊತ್ತೇ? ರಕ್ತಪಿಶಾಚಿ! ಬಿಳಿಚಿಕೊಂಡು ಬಿಟ್ಟರು ಪಾಪ. "ನಾನು ಮೊಟ್ಟೇನೂ ಮುಟ್ಟಿದೋಳಲ್ಲ ಕಣ್ರೀ ಪಂಕಜಾಕ್ಷಿ, ರಕ್ತ ಅಂದ್ರೆ ಹೇಗೆ?" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಪಂಕಜಾಕ್ಷಿ ಕರಗಿಹೋದಳು. ನಿಯಮದ ಪುಸ್ತಕವನ್ನು ಪಟ್ಟನೆ ಮುಚ್ಚಿ, "ಇದನ್ನ ಬರೆದೋರಿಗೆ ನೀವು ಗೊತ್ತಿರ್ಲಿಲ್ಲ ಅಮ್ಮ. ಬೀಟ್ರೂಟ್ ರಸ ಕುಡೀರಿ, ಸಾಕು. ಈ ಮೇಜಲ್ಲಿ ಅದೇ ರಕ್ತ" ಅಂದುಬಿಟ್ಟಳು.

ಎಡವಟ್ಟಾದದ್ದು ಅಲ್ಲೇ. ರಕ್ತಪಿಶಾಚಿಗೆ ಹತ್ತಾಳಿನ ಬಲ, ಬಾವಲಿಯಾಗಿ ಹಾರುವ ವಿದ್ಯೆ, ಏಟು ಬಿದ್ದರೂ ಮಾಯುವ ಮೈ. ಇಷ್ಟೆಲ್ಲ ಕೊಟ್ಟ ಪುಸ್ತಕ ಅದನ್ನು ಹಿಡಿದಿಡಲು ಕೆಲವು ಕಟ್ಟುಗಳನ್ನೂ ಹಾಕಿತ್ತು. ರಕ್ತದ ದಾಹ ಮೊದಲನೆಯದು. ಅದು ಬೀಟ್ರೂಟಿಗೆ ತೀರಿಹೋಯಿತು, ಸಂತೆಯಲ್ಲಿ ರಾಶಿರಾಶಿ ಸಿಗುತ್ತದೆ. ಬೆಳ್ಳುಳ್ಳಿ ಆಗಬಾರದು ಅಂತಿತ್ತು. ಹುಟ್ಟಿದಾರಭ್ಯ ತಿನ್ನದವರಿಗೆ ಅದೊಂದು ಕಟ್ಟೇ? ಬಿಸಿಲು ಆಗಬಾರದು; ಅವರು ಮೊದಲೇ ಕಿಟಕಿ ಮುಚ್ಚಿಕೊಂಡು ಟೈಪಿಂಗ್ ಹೇಳಿಕೊಡುವವರು, ಹೊರಗೆ ಹೊರಟರೆ ಕೊಡೆ. ಕನ್ನಡಿಯಲ್ಲಿ ಮುಖ ಕಾಣದು. ಪಕ್ಕದ ಮನೆಯವಳು ದಿನಾ ಬಂದು ಕುಂಕುಮ ಇಟ್ಟು ಹೋಗತೊಡಗಿದಳು. ಕರೆಯದೆ ಯಾರ ಮನೆಯೊಳಗೂ ಕಾಲಿಡುವಂತಿಲ್ಲ ಅನ್ನುವುದು ಕೊನೆಯದು. ನಮ್ಮೂರಲ್ಲಿ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯದವರು ಯಾರಿದ್ದಾರೆ? ಕಥೆಯೊಳಗಿನ ರಾಕ್ಷಸರ ಅಡುಗೆಯವನಾಗಿ ಮಾತಾಡುವಾಗಲೂ ಪಂಕಜಾಕ್ಷಿಯ ಬಾಯಿಂದ "ಅಯ್ಯೋ, ಬಾಗಿಲಲ್ಲೇ ನಿಂತ್ರಲ್ಲ, ಬನ್ನಿ" ಅಂತಲೇ ಬರುತ್ತಿತ್ತು. ಆಮೇಲೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಹಾಗಾಗಿ ನಮ್ಮ ಮೇಜಿನ ಪಾಡು ಕೇಳಬೇಡಿ. ನಾನು ಬೀಗ ಒಡೆಯೋಣ ಅಂತ ತಂತಿ ತೆಗೆಯುವಷ್ಟರಲ್ಲಿ ರಂಗನಾಯಕಮ್ಮ ಗೋಡೆಯನ್ನೇ ಕೆಡವಿರುತ್ತಿದ್ದರು; ಆಗ ನನ್ನ ಚೀಲಕ್ಕೆ ಚಮಚ ಬೀಳುವುದೂ ಕಮ್ಮಿಯಾಗಿತ್ತು. ಚನ್ನಿಗಪ್ಪನದು ಹಾಡುಗಾರನ ಪಾತ್ರ, ಮಾತಿನಲ್ಲೇ ಶತ್ರುವಿನ ಮನಸ್ಸು ತಿರುಗಿಸುವವನು. ಆದರೆ ತಿರುಗಿಸಲು ಶತ್ರು ಉಳಿದಿರಬೇಕಲ್ಲ! "ಕ್ಷಮಿಸಿ ಚನ್ನಿಗಪ್ಪನವರೇ, ನಾನು ಒಂದೇ ಒಂದು ಏಟು ಹಾಕಿದ್ದು" ಅಂತ ಅವರು ಸೆರಗಿನ ತುದಿ ತಿರುಚುತ್ತಾ ಹೇಳುವರು. ಕೋಪ ಮಾಡಿಕೊಳ್ಳುವುದಾದರೂ ಹೇಗೆ? ಮೇಜಿನಿಂದ ಎದ್ದಮೇಲೆ ಬೀದಿಯವರ ಗ್ಯಾಸ್ ಸಿಲಿಂಡರುಗಳನ್ನು ಕಂಕುಳಲ್ಲಿ ಇರುಕಿಕೊಂಡು ಮಹಡಿಗೆ ಹತ್ತಿಸಿಕೊಡುತ್ತಿದ್ದವರೂ ಅವರೇ. ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಒಂದು ಬುಧವಾರ ಚನ್ನಿಗಪ್ಪ ರಾಗಿ ಚೀಲ ಹೊತ್ತು ಗಿರಣಿಗೆ ಬಂದ. ನಾನೂ ಅಲ್ಲಿದ್ದೆ. ಚೀಲ ಇಳಿಸಿ ಸುಮ್ಮನೆ ನಿಂತುಕೊಂಡ. ಪಂಕಜಾಕ್ಷಿ, "ಏನಣ್ಣ, ಮುಖ ಯಾಕೆ ಹಿಂಗೆ?" ಅಂತ ಕೂಗಿದಳು.

"ಪಂ… ಪಂ… ಪಂಕಜಕ್ಕ" ಅಂದ. ಅಷ್ಟಕ್ಕೇ ಕತ್ತಿನ ನರ ಉಬ್ಬಿತ್ತು.

ಪಂಕಜಾಕ್ಷಿ ಗಿರಣಿ ನಿಲ್ಲಿಸಿದಳು. ಚನ್ನಿಗಪ್ಪ ಚಿಕ್ಕಂದಿನಿಂದ ಉಗ್ಗುತ್ತಿದ್ದವನು. ಹಾಡುಗಾರನ ಚೀಟಿ ಬಂದ ದಿನದಿಂದ ಉಗ್ಗು ಮಾಯವಾಗಿತ್ತು. ನಮ್ಮ ಕಣ್ಣೆದುರೇ ಅವನು ಬೇರೆ ಮನುಷ್ಯನಾಗಿದ್ದ. ಆಟೋ ನಿಲ್ದಾಣದಲ್ಲಿ ಅವನ ಮಾತು ಕೇಳಲು ಜನ ಗುಂಪುಗೂಡುತ್ತಿದ್ದರು. ಮಗಳು ಸುಗುಣಾಳಿಗೆ ದೂರದೂರಿನಿಂದ ಸಂಬಂಧ ಬಂದದ್ದು ಅದೇ ಸಮಯದಲ್ಲಿ. ಹುಡುಗನ ತಾಯಿ ಜವರಮ್ಮ ಬಂದವರು, "ನಿಮ್ಮಪ್ಪನ ಮಾತು ಕೇಳ್ತಾ ಕೂತ್ರೆ ಊಟನೂ ಬೇಡ ಕಣವ್ವ" ಅಂತ ಹೇಳಿ ಹೋಗಿದ್ದರು. ಅವರಿಗೆ ನಮ್ಮೂರಿನ ಸಂಗತಿ ಗೊತ್ತಿಲ್ಲ. ಮುಂದಿನ ವಾರದ ಭಾನುವಾರ ನಿಶ್ಚಿತಾರ್ಥ ಇತ್ತು.

"ವಾ… ವಾಪಸ್ ಬಂದ್ಬಿಡ್ತಕ್ಕ" ಅಂದ ಚನ್ನಿಗಪ್ಪ. "ನಾ… ನಾಲ್ಕು ಜನರ ಮುಂದೆ ಹುಡುಗಿ ಕೊ… ಕೊಡ್ತೀನಿ ಅಂತ ನಾ… ನಾನೇ ಹೇಳ್ಬೇಕಲ್ಲ. ಮೋ… ಮೋಸ ಮಾಡಿದ ಅಂತಾರೆ. ಮಗಳ ಮದ್ವೆ ನಿ… ನಿಂತೋಗುತ್ತೆ."

ತಪ್ಪು ತನ್ನದೇ ಅನ್ನಿಸಿತು ಪಂಕಜಾಕ್ಷಿಗೆ. ಅಷ್ಟು ಮಂಗಳವಾರಗಳಿಂದ ಹಾಡುಗಾರನಿಗೆ ಒಂದು ಕೆಲಸವೂ ದಕ್ಕಿರಲಿಲ್ಲ, ಕೊಟ್ಟದ್ದನ್ನೆಲ್ಲ ರಂಗನಾಯಕಮ್ಮ ಒಂದೇ ಏಟಿಗೆ ಮುಗಿಸಿದ್ದರು. "ನೀನು ಮನೆಗೆ ಹೋಗಣ್ಣ" ಅಂದಳು. "ಇನ್ನೊಂದು ಮಂಗಳವಾರ ಇದೆಯಲ್ಲ. ಅವತ್ತು ಪೂರಾ ನಿನಗೇ ಕೆಲಸ. ಭಾನುವಾರದ ಹೊತ್ತಿಗೆ ನಿನ್ನ ಮಾತು ನಿನಗೆ ವಾಪಸ್ ಬರದೇ ಇದ್ರೆ ನಾನು ಸೂತ್ರಧಾರಿನೇ ಅಲ್ಲ."

ಹೇಳುವುದೇನೋ ಹೇಳಿದಳು. ಮಾಡುವುದು ಹೇಗೆ? ಆ ವಾರವೆಲ್ಲ ಅವಳ ತಲೆಯಲ್ಲಿ ರಕ್ತಪಿಶಾಚಿಯೇ. ಬೀಸಲು ಕೊಟ್ಟ ಗೋಧಿಗೆ ಅಕ್ಕಿ ಬೆರೆಸಿ ಬೈಸಿಕೊಂಡಳು. ಬೀಟ್ರೂಟ್ ನಿಲ್ಲಿಸಿದರೆ ಆ ಸಾತ್ವಿಕ ಹೆಂಗಸು ಹಸಿದು ಯಾರ ಕತ್ತಿಗೆ ಬಾಯಿ ಹಾಕಿಯಾರು? ಬಲ ಅರ್ಧ ಮಾಡಿದರೆ ಮೂರನೇ ಮಹಡಿಯ ಬಾಣಂತಿಗೆ ನೀರಿನ ಕೊಡ ಹೊತ್ತು ಕೊಡುವವರಾರು? ಬಿಸಿಲು ಹೆಚ್ಚು ಸುಡುವ ಹಾಗೆ ಮಾಡಿದರೆ ಸುಟ್ಟುಕೊಳ್ಳುವುದು ಕಥೆಯ ಪಿಶಾಚಿಯಲ್ಲ, ನಮ್ಮ ರಂಗನಾಯಕಮ್ಮನ ಚರ್ಮ. ಏನು ಹಿಡಿದರೂ ಆ ಪುಟ್ಟ ಜೀವಕ್ಕೇ ತಾಗುತ್ತದೆ. "ಪದ್ದೀ, ಪುಸ್ತಕ ಬರೆದ ಮಹಾನುಭಾವ ಒಂದ್ಸಲ ನನ್ನ ಕೈಗೆ ಸಿಗ್ಲಿ ಕಣೆ" ಅಂತ ನನ್ನ ಅಂಗಡಿಗೆ ಬಂದು ಬಳೆಗಳು ನಡುಗುವ ಹಾಗೆ ಕೂಗಿ ಹೋದಳು.

ವಿಷಯ ರಂಗನಾಯಕಮ್ಮನಿಗೂ ಮುಟ್ಟಿತು. ಮುಟ್ಟಿಸಿದವಳು ನಾನೇ ಅನ್ನಿ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆ ಕೊಡೆ ಮಡಿಸಿಕೊಂಡು ಗಿರಣಿಗೆ ಬಂದು, ಹಿಟ್ಟಿನ ಡಬ್ಬದ ಪಕ್ಕ ಕೂತು, ಅಕ್ಕಿ ಬೀಸಿಕೊಡಿ ಅಂತ ಕೇಳುವಷ್ಟು ಸಲೀಸಾಗಿ, "ನನ್ನ ಪಾತ್ರಾನ ಸಾಯಿಸಿಬಿಡಿ ಪಂಕಜಾಕ್ಷಿ" ಅಂದರು.

"ಏನಂದ್ರೀ?"

"ಎದೆಗೆ ಮರದ ಗೂಟ ಹೊಡೆದ್ರೆ ಸಾಯುತ್ತೆ ಅಂತ ಪುಸ್ತಕದಲ್ಲಿದೆಯಲ್ಲ. ಕಥೇಲಿ ಯಾರಾದ್ರೂ ಹೊಡೀಲಿ, ನಾನು ತಪ್ಪಿಸ್ಕೊಳ್ಳಲ್ಲ. ಒಂದು ವರ್ಷ ಮೇಜಿಗೆ ಬರಲ್ಲ, ಅಷ್ಟೇ ತಾನೆ? ಮಂಗಳವಾರ ಮನೇಲಿ ಏನಾದ್ರೂ ಓದ್ಕೋತೀನಿ. ಆ ಹುಡುಗಿ ಮದುವೆ ನಿಲ್ಲಬಾರದು."

ಪಂಕಜಾಕ್ಷಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮನ್ನ ಮನೇಲಿ ಕೂರಿಸಿ ನಾವಿಲ್ಲಿ ಕೋಟೆ ಗೆಲ್ಲಬೇಕಾ? ಅಂಥ ಆಟಕ್ಕಿಷ್ಟು ಬೆಂಕಿ ಹಾಕ! ಏಳಿ, ಮನೆಗೆ ಹೋಗಿ ಬೀಟ್ರೂಟ್ ಕುಡೀರಿ, ಮುಖ ನೋಡಿ ಹೆಂಗಾಗಿದೆ" ಅಂತ ಬೈದಳು. ಇಬ್ಬರೂ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಕೋಡಂಗಿಗಳ ಹಾಗೆ ಕೂತಿದ್ದರು.

ಮಂಗಳವಾರ ಬಂತು. ಕರೆಂಟ್ ಹೋಯಿತು. ಪಂಕಜಾಕ್ಷಿ ದಾಳ ಮುಟ್ಟುವ ಮೊದಲೇ ಹೊಸ ಕಟ್ಟು ಹೇಳಿದಳು. "ಇವತ್ತಿಂದ ರಕ್ತಪಿಶಾಚಿನ ದಾರೀಲಿ ಹೋಗೋರು, ಅಡುಗೆಯೋರು, ಕಾವಲುಗಾರ, ಯಾರು ಕರೆದ್ರೂ ನಡೆಯಲ್ಲ. ಆ ಮನೆ ಯಾರ ಹೆಸರಲ್ಲಿದ್ಯೋ ಅವರೇ ತಮ್ಮ ಬಾಯಾರೆ, ಹೆಸರು ಹಿಡಿದು, ಒಳಕ್ಕೆ ಬಾ ಅಂತ ಕರೀಬೇಕು. ಇಲ್ಲದಿದ್ರೆ ಹೊಸಿಲು ದಾಟೋಕಾಗಲ್ಲ." ಎಲ್ಲರೂ ಒಪ್ಪಿದೆವು. ಅದರಿಂದ ರಂಗನಾಯಕಮ್ಮನ ಬಲಕ್ಕೇನೂ ಕುಂದಿಲ್ಲ, ಚನ್ನಿಗಪ್ಪನಿಗೆ ಕೈತುಂಬ ಕೆಲಸ. ನನಗಂತೂ ಪಂಕಜಾಕ್ಷಿಯ ತಲೆಗೆ ಮುತ್ತಿಡಬೇಕು ಅನ್ನಿಸಿತು.

ಕಥೆಯೊಳಗೆ ನಾವು ಕರಿಕಲ್ಲಿನ ಕೋಟೆಯ ಬಾಗಿಲಿಗೆ ಬಂದಿದ್ದೆವು. ಒಳಗೊಬ್ಬ ರಾಕ್ಷಸ ಸೇರಿಕೊಂಡಿದ್ದಾನೆ. ಅವನನ್ನು ಕೆಡವಲು ರಕ್ತಪಿಶಾಚಿಯೊಬ್ಬಳಿಂದಲೇ ಸಾಧ್ಯ. ಆದರೆ ಅವಳು ಒಳಗೆ ಹೋಗಬೇಕಾದರೆ ಕೋಟೆಯ ಒಡತಿ ಕರೆಯಬೇಕು. ಒಡತಿಯೋ, ಭಯದಿಂದ ಕಿಟಕಿಯಲ್ಲಿ ಮುದುಡಿ ಕೂತವಳು. ಅವಳ ಮನಸ್ಸು ಒಲಿಸುವವನು ಹಾಡುಗಾರನೊಬ್ಬನೇ. ಪಂಕಜಾಕ್ಷಿ ಒಡತಿಯ ದನಿಯಲ್ಲಿ, "ಯಾರು ಅಲ್ಲಿ? ಯಾಕೆ ಬಂದಿರಿ?" ಅಂದಳು. ಎಲ್ಲರೂ ಚನ್ನಿಗಪ್ಪನ ಕಡೆ ನೋಡಿದೆವು.

"ಅ… ಅ… ಅ…" ಅಂದ ಅವನು.

ಹಾಡುಗಾರ ನಾವಂದುಕೊಂಡದ್ದಕ್ಕಿಂತ ಹೆಚ್ಚೇ ಸವೆದಿದ್ದ. ಪಾತ್ರ ಗಟ್ಟಿಯಾಗಬೇಕಾದರೆ ಮಾತಾಡಬೇಕು, ಮಾತಾಡಬೇಕಾದರೆ ಪಾತ್ರ ಬೇಕು. ಮತ್ತೆ ಮತ್ತೆ ಪ್ರಯತ್ನಪಟ್ಟ. ಅವನ ಹಣೆಯ ಬೆವರು ನೋಡಲಾರದೆ ನಾನು, "ಅಮ್ಮಾ ಅಂತ ಹೇಳ್ತಿದಾನೆ ಕಣೆ, ಅಮ್ಮಾ, ನಾವು ಒಳ್ಳೇ ಜನ ಅಂತ…" ಅಂದುಬಿಟ್ಟೆ. ಎಂಥ ಹಾಳು ಬಾಯಿ ನನ್ನದು! ಚನ್ನಿಗಪ್ಪ ತಲೆ ತಗ್ಗಿಸಿದ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಹೊರಟುಹೋದ. ಅವತ್ತಿನ ಆಟ ಕೋಟೆಯ ಬಾಗಿಲಲ್ಲೇ ನಿಂತುಹೋಯಿತು.

ಮಾಡಿದ ಕಟ್ಟನ್ನು ಮುಂದಿನ ಮಂಗಳವಾರದವರೆಗೆ ತೆಗೆಯುವಂತಿಲ್ಲ. ಆ ವಾರ ರಂಗನಾಯಕಮ್ಮ ದಿನಸಿ ಅಂಗಡಿಗೆ ಹೋದರೂ ಅಂಗಡಿಯವನು ಗಲ್ಲಾ ಬಿಟ್ಟು ಬಾಗಿಲಿಗೆ ಬಂದು, "ರಂಗನಾಯಕಮ್ಮನೋರೇ, ಒಳಕ್ಕೆ ಬನ್ನಿ" ಅನ್ನಬೇಕಾಯಿತು. ಊರು ಅದಕ್ಕೂ ಹೊಂದಿಕೊಂಡಿತು. ರಂಗನಾಯಕಮ್ಮನಿಗಂತೂ ನಾಚಿಕೆಯಲ್ಲೂ ಒಂದು ಖುಷಿ. "ನನ್ನ ಹೆಸರನ್ನ ಇಷ್ಟು ಸಲ ನಾನೇ ಕೇಳಿರ್ಲಿಲ್ಲ ಕಣ್ರೀ ಪದ್ದಮ್ಮ" ಅಂದರು ನನ್ನ ಹತ್ತಿರ. ಪಂಕಜಾಕ್ಷಿಗೆ ಮಾತ್ರ ಅನ್ನ ಸೇರಲಿಲ್ಲ. ಚನ್ನಿಗಪ್ಪನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಅನ್ನುವುದೊಂದೇ ಕೊರಗು.

ಭಾನುವಾರ ಚನ್ನಿಗಪ್ಪನ ಮನೆಯ ನಡುಮನೆ ತುಂಬಿತ್ತು. ಹುಡುಗನ ಕಡೆಯವರು ಜಮಖಾನದ ಮೇಲೆ ಕೂತಿದ್ದರು, ನಡುವೆ ಜವರಮ್ಮ. ಚನ್ನಿಗಪ್ಪ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮೂಲೆಯಲ್ಲಿದ್ದ. ಗಂಟಲು ನೋವು, ಮಾತಾಡಲು ಆಗುವುದಿಲ್ಲ, ಅವನ ಪರವಾಗಿ ಬಾಮೈದ ಕೆಂಪರಾಜು ಮಾತು ಕೊಡುತ್ತಾನೆ ಅಂತ ಮನೆಯವರೇ ಉಪಾಯ ಮಾಡಿದ್ದರು. ಜವರಮ್ಮ "ಪಾಪ, ಮೆಣಸಿನ ಕಷಾಯ ಕುಡೀರಣ್ಣ" ಅಂದಾಗ ಅವನು ತಲೆಯಾಡಿಸಿದ, ಕಣ್ಣೆತ್ತಲಿಲ್ಲ. ಸುಗುಣಾ ಅಪ್ಪನನ್ನೇ ನೋಡುತ್ತಿದ್ದಳು. ನನಗೂ ಪಂಕಜಾಕ್ಷಿಗೂ ಅಲ್ಲಿ ಕೂರುವುದೇ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಎಲೆ ಅಡಿಕೆ ತಟ್ಟೆ ಇನ್ನೇನು ನಡುವೆ ಬರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಕಪ್ಪು ಕೊಡೆ ಕಾಣಿಸಿತು. ರಂಗನಾಯಕಮ್ಮ! ಕೈಯಲ್ಲಿ ಹಣ್ಣಿನ ಚೀಲ, ರೇಷ್ಮೆ ಸೀರೆ. ಚನ್ನಿಗಪ್ಪನ ಹೆಂಡತಿ ಸಾಕಮ್ಮ ಮನೆಗೇ ಹೋಗಿ ಕುಂಕುಮ ಇಟ್ಟು ಕರೆದು ಬಂದಿದ್ದಳು, ಸಂಭ್ರಮದಲ್ಲಿ, ಹೊಸ ಕಟ್ಟಿಗೆ ಆ ಕರೆ ಸಾಲದು ಅನ್ನುವುದು ಅವರಿಬ್ಬರಿಗೂ ಹೊಳೆದಿರಲಿಲ್ಲ. ರಂಗನಾಯಕಮ್ಮ ಕಾಲೆತ್ತಿದರು. ಕಾಲು ಹೊಸಿಲಿನ ಮೇಲೇ ನಿಂತುಬಿಟ್ಟಿತು, ಮುಂದಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಪಂಕಜಾಕ್ಷಿ "ಅಯ್ಯೋ ದೇವರೇ" ಅಂತ ಉಸುರಿದ್ದು ನನಗೆ ಕೇಳಿಸಿತು.

"ಬನ್ನಿ ಅಮ್ಮ, ಬನ್ನಿ" ಅಂತ ಸಾಕಮ್ಮ ಕರೆದಳು. ಕೆಂಪರಾಜು ಎದ್ದು ಕರೆದ. ಕಾಲು ಕದಲಲಿಲ್ಲ. ಮನೆ ಚನ್ನಿಗಪ್ಪನದು, ಕಟ್ಟಿಸಿದವನು ಅವನು; ಕರೆದರೆ ಅವನೇ ಕರೆಯಬೇಕು. ಹೊರಗೆ ಬಿಸಿಲು ಇಳಿಜಾರಾಗಿ ಕೊಡೆಯೊಳಕ್ಕೆ ನುಗ್ಗಿತ್ತು. ಹಣ್ಣಿನ ಚೀಲ ಹಿಡಿದ ಅವರ ಕೈ ಕೆಂಪಗೆ ಬೊಬ್ಬೆ ಏಳುತ್ತಿತ್ತು. ಹುಡುಗನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾಕೆ ಅವ್ರು ಒಳಗೆ ಬರ್ತಿಲ್ಲ? ಏನಾದ್ರೂ ಮನಸ್ತಾಪನಾ?" ಅಂದರು ಜವರಮ್ಮ.

ರಂಗನಾಯಕಮ್ಮ ಒಳಗೆ ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತವನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ನಗುಮುಖ ಮಾಡಿ, "ಇಲ್ಲಪ್ಪ, ಮನಸ್ತಾಪ ಎಂಥದು! ಕ್ಲಾಸಿಗೆ ಹುಡುಗೀರು ಬಂದು ಕಾಯ್ತಿರ್ತಾರೆ. ಹಣ್ಣು ಇಲ್ಲಿಟ್ಟಿದೀನಿ ಸಾಕಮ್ಮ, ಮಕ್ಕಳಿಗೆ ಒಳ್ಳೇದಾಗ್ಲಿ. ಬರ್ತೀನಿ" ಅಂದು ಚೀಲವನ್ನು ಹೊಸಿಲಾಚೆಯೇ ಇಟ್ಟು ತಿರುಗಿದರು. ಭಾನುವಾರ ಎಂಥ ಕ್ಲಾಸು?

ಚನ್ನಿಗಪ್ಪ ಎದ್ದ. ಕೆಂಪರಾಜು ತೋಳು ಹಿಡಿದ. ಕೊಡವಿಕೊಂಡು ಬಾಗಿಲಿಗೆ ಬಂದ. ಮಫ್ಲರ್ ಕಿತ್ತು ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದ.

"ರ… ರ… ರ…"

ಅಂಗಳದಲ್ಲಿ ರಂಗನಾಯಕಮ್ಮ ನಿಂತರು, ಇತ್ತ ತಿರುಗಿದರು. "ರ… ರಂ… ರಂ…" ಚನ್ನಿಗಪ್ಪನ ಕಣ್ಣು ಮುಚ್ಚಿತ್ತು, ಮುಷ್ಟಿ ಬಿಗಿದಿತ್ತು. ನನ್ನ ನಾಲಿಗೆ ತುದಿಗೆ ಆ ಹೆಸರು ಬಂದು ಕೂತಿತ್ತು. ಪಂಕಜಾಕ್ಷಿ ನನ್ನ ತೊಡೆ ಚಿವುಟಿದಳು, ನೋಡಿ, ಚರ್ಮ ಕಿತ್ತು ಬರುವ ಹಾಗೆ. ತನ್ನ ಬಾಯಿಗೂ ಸೆರಗು ತುರುಕಿಕೊಂಡಿದ್ದಳು. ಎಂದೂ ಯಾರಿಗೂ ಮಾತು ಮುಗಿಸಲು ಬಿಡದ ಹೆಂಗಸು ಅವಳು. ರಂಗನಾಯಕಮ್ಮ ಕೊಡೆಯಡಿಯಲ್ಲಿ ಸುಡುತ್ತಾ ನಿಂತಿದ್ದರು. ಅವಸರಪಡಿಸಲಿಲ್ಲ, ತಲೆಯಾಡಿಸಲಿಲ್ಲ, ಸಹಾಯಕ್ಕೆ ತುಟಿಯನ್ನೂ ಅಲುಗಿಸಲಿಲ್ಲ. ಬೇಕಾದರೆ ಆ ಮನೆಯನ್ನೇ ಎತ್ತಿ ಪಕ್ಕಕ್ಕಿಡುವಷ್ಟು ಬಲ ಇದ್ದವರು ಆ ಒಂದು ಮಾತಿಗಾಗಿ ಕಾದರು.

"ರಂ… ರಂಗ… ನಾ… ನಾಯಕಮ್ಮನೋರೇ" ಅಂದ ಚನ್ನಿಗಪ್ಪ. ಉಸಿರೆಳೆದುಕೊಂಡ. "ಒ… ಒ… ಒಳಕ್ಕೆ ಬ… ಬ… ಬನ್ನಿ."

ಅವರು ಬಂದರು. ಹೊಸಿಲು ದಾಟಿ, ಕೊಡೆ ಮಡಿಸಿ, "ಕರೆದ್ರಲ್ಲ, ಬಂದೆ" ಅಂತ ಮೆಲ್ಲಗೆ ಹೇಳಿ ಗೋಡೆ ಪಕ್ಕ ಕೂತರು. ನಾನು ಅವರ ಕೈಗೆ ಬೆಣ್ಣೆ ತರಲು ಅಡುಗೆಮನೆಗೆ ಓಡಿದೆ. ಕಿವಿ ಮಾತ್ರ ನಡುಮನೆಯಲ್ಲೇ ಇತ್ತು.

ಜವರಮ್ಮನ ಮುಖ ಗಂಟಾಗಿತ್ತು. "ಅಣ್ಣ, ಇದು ಗಂಟಲು ನೋವಲ್ಲ" ಅಂದರು. "ಅವತ್ತು ಅಷ್ಟು ಚೆನ್ನಾಗಿ ಮಾತಾಡಿದ್ರಲ್ಲ?"

"ಅ… ಅವತ್ತಿಂದು ನಾ… ನಾನಲ್ಲ ಕಣವ್ವ. ಇ… ಇದು ನಾನು."

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ಹೆ… ಹೆದ್ರಿಕೆ ಆಯ್ತು" ಅಂದ ಚನ್ನಿಗಪ್ಪ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕೆಂಪರಾಜು ಗಡಿಬಿಡಿಯಿಂದ ತಟ್ಟೆ ಮುಂದೆ ತಳ್ಳಿ, "ಅದಿರ್ಲಿ ತಾಯಿ, ನಮ್ಮ ಭಾವನ ಪರವಾಗಿ ನಾನು ಹೇಳ್ತೀನಿ" ಅಂತ ಶುರುಮಾಡಿದ.

ಜವರಮ್ಮ ಕೈ ಅಡ್ಡ ಹಿಡಿದರು. ಬೆಣ್ಣೆ ಬಟ್ಟಲು ಹಿಡಿದುಕೊಂಡು ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಚನ್ನಿಗಪ್ಪನನ್ನು ನೋಡಿದರು, ಆಮೇಲೆ ಗೋಡೆ ಪಕ್ಕ ಸುಟ್ಟ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದ ರಂಗನಾಯಕಮ್ಮನನ್ನು ನೋಡಿದರು. "ನೀವು ಸುಮ್ನಿರಪ್ಪ" ಅಂದರು ಕೆಂಪರಾಜುಗೆ. "ಆ ತಾಯಿ ಅಂಥ ಬಿಸ್ಲಲ್ಲಿ ನಿಂತು ಇವ್ರ ಮಾತಿಗೆ ಕಾದ್ರು. ನಾನು ನೆರಳಲ್ಲಿ ಕೂತಿದೀನಿ, ನನಗೇನು ಧಾಡಿ? ಹುಡುಗಿ ಕೊಡ್ತೀರೋ ಇಲ್ವೋ ಅಣ್ಣ, ನಿಮ್ಮ ಬಾಯಲ್ಲೇ ಹೇಳ್ಬೇಕು. ನಿಧಾನಕ್ಕೆ ಹೇಳಿ. ನಮ್ಮ ಬಸ್ಸಿರೋದು ಸಂಜೆಗೆ."

ಅವನು ಹೇಳಿದ. ತಟ್ಟೆ ಹಿಡಿದು, ಮಗಳ ಹೆಸರು ಹೇಳಿ, ಹುಡುಗನ ಹೆಸರು ಹೇಳಿ, ಕೊಡುತ್ತೇನೆ ಅಂತ ಹೇಳಿದ. ಎಷ್ಟು ಹೊತ್ತು ಹಿಡಿಯಿತೋ ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ಪಾಯಸ ತಳ ಹಿಡಿದದ್ದು ಮಾತ್ರ ನಿಜ. ಅದನ್ನೇ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಮಂಗಳವಾರ ನಾವೆಲ್ಲ ಗಿರಣಿಯಲ್ಲಿ ಸೇರಿದೆವು. ಪಂಕಜಾಕ್ಷಿ ಆ ಕಟ್ಟನ್ನು ತೆಗೆದುಹಾಕುವುದೆಂದು ನಿರ್ಧಾರ ಮಾಡಿಕೊಂಡೇ ಬಂದಿದ್ದಳು. "ಬೇ… ಬೇಡಕ್ಕ" ಅಂದ ಚನ್ನಿಗಪ್ಪ. "ಇರ್ಲಿ. ನಾ… ನಾನು ಕರೆಸ್ತೀನಿ."

ಕರಿಕಲ್ಲಿನ ಕೋಟೆಯ ಬಾಗಿಲು. ಕಿಟಕಿಯಲ್ಲಿ ಒಡತಿ. ಹಾಡುಗಾರ ಮುಂದೆ ಬಂದು ಮಾತು ಶುರುಮಾಡಿದ. ಉಗ್ಗುತ್ತಲೇ ಮಾಡಿದ. "ಅಣ್ಣ, ಹಾಡುಗಾರನಿಗೆ ಉಗ್ಗು ಇಲ್ಲವಲ್ಲ. ಪಾತ್ರ ಹಿಡಿದು ಆಡು, ಎಲ್ಲ ವಾಪಸ್ ಬರುತ್ತೆ" ಅಂತ ಪಂಕಜಾಕ್ಷಿ ಪಿಸುಗುಟ್ಟಿದಳು, ಅಂದರೆ ಅವಳ ಲೆಕ್ಕದ ಪಿಸುಮಾತು, ಬೀದಿಗೆಲ್ಲ ಕೇಳಿಸಿತು.

"ನ… ನನ್ನ ಹಾಡುಗಾರನಿಗೆ ಇ… ಇದೆ" ಅಂದ ಚನ್ನಿಗಪ್ಪ. ಮುಂದುವರಿಸಿದ. ಅಮ್ಮಾ, ನಮ್ಮ ಜೊತೆಗೊಬ್ಬರು ಬಂದಿದ್ದಾರೆ, ಬಾಗಿಲಾಚೆ ನಿಂತಿದ್ದಾರೆ, ನೀವು ಕರೆಯದೆ ಅವರು ಬರುವಂತಿಲ್ಲ, ನೋಡಿದವರು ಹೆದರುತ್ತಾರೆ, ಆದರೆ ಅಂಥ ಒಳ್ಳೆಯ ಜೀವ ಎಲ್ಲೂ ಸಿಗುವುದಿಲ್ಲ ಅಂತ. ಇಷ್ಟನ್ನು ಹೇಳುವುದರೊಳಗೆ ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು. ರಂಗನಾಯಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ದಾಳ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಪಂಕಜಾಕ್ಷಿ ಕಿಟಕಿಯ ಒಡತಿಯಾಗಿ, ಗಂಟಲು ಸರಿಮಾಡಿಕೊಂಡು, ಹೆಸರು ಹಿಡಿದು ಕರೆದಳು. ರಂಗನಾಯಕಮ್ಮ ಒಳಗೆ ಹೋಗಿ ರಾಕ್ಷಸನನ್ನು ಒಂದೇ ಏಟಿಗೆ ಕೆಡವಿದರು. ನಮಗ್ಯಾರಿಗೂ ಬೇಜಾರಾಗಲಿಲ್ಲ.